ಎಂಬತ್ತೊಂಬತ್ತನೆಯದು

ಬೆಂಕಿಪೊಟ್ಟಣದಷ್ಟಿತ್ತು, ಒಂದು ಕೂದಲು ದಪ್ಪ.
ಕೌಂಟರಿನ ಗಾಜಿನ ಮೇಲಿಟ್ಟು
ಖುರ್ಷೀದಾ ಬೀ ಅಂದಳು:
"ರವಣಪ್ಪಣ್ಣಾ, ಇದು ಕೆಮ್ಮತೈತೆ."

ಅವಳ ಬೆರಳಲ್ಲಿ ಬೇಸಿನ್ನಿನ ಬಿಸಿನೀರು, ಬೆಂದ ಹುಳದ ವಾಸನೆ.
ಶಿಡ್ಲಘಟ್ಟದಲ್ಲಿ ಅದನ್ನು ವಾಸನೆ ಅನ್ನುವುದಿಲ್ಲ,
ಊರು ಅನ್ನುತ್ತೇವೆ.

ತಮ್ಮನ ಮಗ ತೌಸೀಫ್ ಹೊಸ ಫರ್ಮ್‌ವೇರ್ ಹಾಕಿದನಂತೆ,
"ಇನ್ನು ನೋಡು ಫುಪ್ಪೂ, ಹೆಂಗೆ ಓಡ್ತದೆ."
ಓಡಿತು. ಕುಂಟುತ್ತ.

ಕಿವಿಗೆ ಸಿಕ್ಕಿಸಿಕೊಂಡೆ.
ಪಲ್ಲವಿ ಸರಿಯಾಗಿತ್ತು, ಆಮೇಲೊಂದು ಟಕ್.
ಕೊಳಲು ಮೆಟ್ಟಿಲಿಳಿಯುತ್ತಿತ್ತು, ನಡುವೆ ಒಂದು ಮೆಟ್ಟಿಲೇ ಇಲ್ಲ.
ಹಾಡುವವಳು ಒಂದೇ ಉಸಿರನ್ನು ಎರಡು ಸಲ ಎಳೆದುಕೊಂಡಳು.

ಇಯರ್‌ಫೋನ್ ಬದಲಿಸಿದೆ.
ಜಾಕಿನ ತೂತನ್ನು ಸ್ಪಿರಿಟ್ಟಿನಿಂದ ಒರೆಸಿದೆ.
ಈಕ್ವಲೈಸರ್ ಆರಿಸಿದೆ. ಹಾಡುಗಳನ್ನೆಲ್ಲ
ಹೊಸ ಕಾರ್ಡಿಗೆ ಸುರಿದು, ಹಳೆಯದನ್ನು
ಅವಳನ್ನು ಕೇಳದೆಯೇ ಫಾರ್ಮ್ಯಾಟ್ ಮಾಡಿದೆ.
ಒಂದಿದ್ದ ಟಕ್ ಮೂರಾಯಿತು.
ಸಿಟ್ಟು ಬಂದು ಟೀ ತರಿಸಿದೆ.

ಲೋಟ ಊದುತ್ತ ಅವಳೇ ಅಂದಳು:
"ಗೂಡು ಮುಗೀತಾ ಬಂದ್ರೆ ಇನ್ನೊಂದರ ತುದಿ ಎಸೀಬೇಕು.
ತಡ ಆದ್ರೆ ಎಳೆ ಸಣ್ಣಗಾಗ್ತದೆ,
ಆಮೇಲೆ ಪಟ್.
ಇದಕ್ಕೂ ಯಾರೋ ತುದಿ ತಡವಾಗಿ ಕೊಡ್ತಾ ಅವ್ರೆ."

ಹದಿನೆಂಟು ವರ್ಷದ ರಿಪೇರಿಯಲ್ಲಿ
ಬಫರ್ ಅಂದರೇನೆಂದು ಇಷ್ಟು ಬಿಡಿಸಿ
ಯಾರೂ ನನಗೆ ಹೇಳಿರಲಿಲ್ಲ.

ಹಳೆಯ ಫರ್ಮ್‌ವೇರನ್ನೇ ಹುಡುಕಿ ತಂದೆ.
ಹನ್ನೊಂದು ನಿಮಿಷ. ನಡುವೆ ಕರೆಂಟು ಹೋದರೆ
ಡಬ್ಬಿ ಕಲ್ಲಾಗುತ್ತದೆ ಎಂದಿದ್ದೆ, ಅದಕ್ಕೇ
ಇಬ್ಬರೂ ಬಲ್ಬನ್ನೇ ನೋಡುತ್ತ ಕೂತೆವು.

ಕೆಮ್ಮು ನಿಂತಿತು.
ಅವಳು ಎರಡು ಹಾಡು ಕೇಳಿದಳು, ಮೂರನೆಯದಕ್ಕೆ ಹುಬ್ಬು ಗಂಟಾಯಿತು.
"ದನಿ ನಂದೇ. ಸಾಲು ನಂದಲ್ಲ."

ನೋಡಿದೆ. ಕಾರ್ಡು ಬದಲಿಸಿದ ಹೊತ್ತಿನಲ್ಲಿ ಹಾಡುಗಳೆಲ್ಲ
ಇಂಗ್ಲಿಷ್ ಅಕ್ಷರದ ಪ್ರಕಾರ ನಿಂತುಬಿಟ್ಟಿದ್ದವು,
ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳ ಹಾಗೆ.
ಆ ತಪ್ಪು ತೌಸೀಫನದಲ್ಲ.

ಅವಳ ಕೈಗೆ ವಾಚಿಲ್ಲ, ಕೈಯಿರುವುದು ನೀರಿನಲ್ಲಿ.
ಮೂರನೇ ಹಾಡಿಗೆ ಸತ್ತ ಹುಳ ಬಳಿದು ಹಾಕುವುದು,
ಹನ್ನೆರಡಕ್ಕೆ ನೀರು ಬದಲು,
ಆ ದಪ್ಪ ದನಿಯ ತೆಲುಗು ಹಾಡು ಬಂತೆಂದರೆ
ಬೆನ್ನು ನೆಟ್ಟಗೆ ಮಾಡಿಕೊಳ್ಳಬಹುದು.

"ಹೇಳ್ತಾ ಹೋಗಮ್ಮ, ಒಂದೊಂದೇ ಹಾಕ್ತೀನಿ."
ಹೇಳಿದಳು. ಕನ್ನಡದ್ದು ಎರಡು, ಒಂದು ಕವ್ವಾಲಿ,
ಮದುವೆ ಮನೆಯಲ್ಲಿ ಯಾರೋ ತುಂಬಿಸಿಕೊಟ್ಟ ಹಿಂದಿಯವು...
ಬೆರಳಿನ ಗೆಣ್ಣೆಣಿಸುತ್ತ ಎಂಬತ್ತೆಂಟರವರೆಗೆ ಬಂದು
ನಿಂತಳು.

"ಇಲ್ಲೊಂದಿತ್ತು."
ಹೆಸರು? ಗೊತ್ತಿಲ್ಲ.
ಭಾಷೆಯಾದರೂ? "ಬಾಯಿಗೆ ಬರ್ತಾ ಇಲ್ಲ ಅಣ್ಣ."

ಕಣ್ಣು ಮುಚ್ಚಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ
ನನ್ನ ಕೌಂಟರಿನ ಮುಂದೆಯೇ ಬಲಗೈಯಿಂದ
ಇಲ್ಲದ ನೀರನ್ನು ಕಲಕಿದಳು,
ಎಡಗೈ ಕಾಣದ ತುದಿಯೊಂದನ್ನು ಹೆಕ್ಕಿ ಎಸೆಯಿತು.
ಆವಿಗೆ ಮುಖ ಓರೆ ಮಾಡಿದಳು.
ರೀಚಾರ್ಜಿಗೆ ಬಂದ ಹುಡುಗ ನೋಟು ಚಾಚಿದವನು ಹಾಗೇ ನಿಂತ.
ಸುಮಾರು ಹೊತ್ತು ಕೈ ಮಾತ್ರ ದುಡಿಯಿತು.
ಆಮೇಲೆ ಗಂಟಲಲ್ಲಿ ಸಣ್ಣಗೆ ಏನೋ.

ಹಾಡೇ ಅಲ್ಲ ಅದು!
ಯಾವುದೋ ಊದುಬತ್ತಿಯ ಜಾಹೀರಾತು, ನಲವತ್ತು ಸೆಕೆಂಡು,
ಕೊನೆಗೆ ಗಂಟೆ ಬೇರೆ.
ಕಸವೆಂದು ನಾನೇ ಅಳಿಸಿದ್ದೆ.
ಕಂಪ್ಯೂಟರಿನ ಕಸದ ಬುಟ್ಟಿಯಿಂದ ಎತ್ತಿ
ಎಂಬತ್ತೆಂಟರ ಬೆನ್ನಿಗೆ ಕೂರಿಸಿದೆ.

"ಇದಾದ ಮೇಲೇ ನಾನು ಊಟಕ್ಕೇಳೋದು" ಅಂದಳು,
ಎಪ್ಪತ್ತು ರೂಪಾಯಿಯಲ್ಲಿ ಇಪ್ಪತ್ತು ಬಾಕಿ ಉಳಿಸಿ ಹೋದಳು.

ಮಿಕ್ಕ ಐವತ್ತನಾಲ್ಕು ಹಾಡು ಹಾಕುವಷ್ಟರಲ್ಲಿ
ಗೂಡು ಮಾರುಕಟ್ಟೆ ಮುಚ್ಚಿತ್ತು, ಅದನ್ನು ಹೇಳಲು ಮರೆತೆ.
ಈಗ ಎರಡು ಗಂಟೆಯ ಸುಮಾರಿಗೆ
ಸೋಲ್ಡರಿಂಗ್ ಕಡ್ಡಿ ಕೈಯಲ್ಲಿರುವಾಗಲೇ
ನನಗೆ ಊದುಬತ್ತಿ ನೆನಪಾಗುತ್ತದೆ,
ಹಿಂದೆಯೇ ಹಸಿವು.