ಇಪ್ಪತ್ತೆರಡು ಸೆಕೆಂಡು

"ಮೊದಲ ಹತ್ತು ನಿಮಿಷ ಜಿಪುಣಿಯಾಗಿರು," ಅಂದಿದ್ದ ಫೆರ್ಗಸ್.
"ಇನ್ನೂರ ಐದು ವ್ಯಾಟ್. ಒಂದು ಕಾಸೂ ಹೆಚ್ಚಲ್ಲ.
ಗಾಳಿ ಎದುರಾದರೆ ಇನ್ನೂರ ಇಪ್ಪತ್ತು,
ಬೆನ್ನಿಗೆ ಬಂದರೆ ಮತ್ತೆ ಕೈ ಬಿಗಿ ಹಿಡಿ.
ಹಾಸಿಗೆ ಅಳೆದಾಗಿದೆ. ಇನ್ನು ಕಾಲು ಚಾಚುವುದಷ್ಟೇ."

ಅಳೆದದ್ದು ನವೆಂಬರಿನಲ್ಲಿ, ಗ್ಯಾರೇಜಿನಲ್ಲಿ,
ಬಟ್ಟೆ ಒಗೆಯುವ ಯಂತ್ರದ ಪಕ್ಕ,
ಎಲ್ಲಿಗೂ ಹೋಗದ ಸೈಕಲ್ಲಿನ ಮೇಲೆ ಇಪ್ಪತ್ತು ನಿಮಿಷ.
ಬಕೆಟ್ಟಿಗೆ ವಾಂತಿ. ತೆರೆಯ ಮೇಲೊಂದು ಅಂಕಿ.
ಇಷ್ಟೇನಾ ನಾನು, ಅನ್ನಿಸಿತ್ತು.
ಬಟಾಣಿ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬಂದು
ಮಂಗಳವಾರ, ಗುರುವಾರ
ಆ ಅಂಕಿಯ ಮೇಲೆ ಒಂದೊಂದೇ ವ್ಯಾಟ್ ಪೇರಿಸಿದೆ.
ಜೂನ್ ಹೊತ್ತಿಗೆ ಹದಿನಾಲ್ಕು ಕೂಡಿತ್ತು.

ಭಾನುವಾರ. ಬೆಳಿಗ್ಗೆ ಆರೂ ನಲವತ್ತೇಳು.
ಲಿಂಕನ್‌ಶೈರಿನ ಚಪ್ಪಟೆ ನೆಲ, ಬೀಟ್ ಹೊಲ,
ಹೊಲಕ್ಕಿಂತ ಎತ್ತರದಲ್ಲಿ ಕಾಲುವೆಯ ನೀರು.
ಸೀಟು ಹಿಡಿದು ನಿಲ್ಲಿಸಿದವನ ಬೆರಳಲ್ಲಿ ಬೇಕನ್ ವಾಸನೆ.
ಐದು, ನಾಲ್ಕು, ಮೂರು...
ಬೆನ್ನ ಮೇಲೆ ನಲವತ್ತೇಳನೆಯ ನಂಬರು ಪಟಪಟ.

ಇನ್ನೂರ ಮೂವತ್ತೊಂದು. ಹೆಚ್ಚಾಯ್ತು. ಇಳಿ.
ಕಾಲು ಹೇಳುತ್ತದೆ: ಇದೇನು ಮಹಾ, ಹಾರೋಣ.
ಆಗಷ್ಟೇ ಹೊರಟ ಕಾಲಿನ ಮಾತು ನಂಬಬಾರದು,
ಮದುವೆಮನೆಯಲ್ಲಿ ಕೊಟ್ಟ ಭರವಸೆಯಂಥದು.
ನಂಬಲಿಲ್ಲ. ಅರ್ಧ ದಾರಿಗೆ ಐವರನ್ನು ದಾಟಿದ್ದೆ.

ಹದಿನೇಳನೆಯ ಮೈಲಿ, ಗಾಳಿ ಮುಖಕ್ಕೆ.
ಮುಂದೊಂದು ಚುಕ್ಕಿ. ಚುಕ್ಕಿಗೆ ಬೆನ್ನು ಬಂತು,
ಬೆನ್ನಿಗೆ ಗೂನು ಬಂತು: ಸೆಲ್ವಿನ್ ಥ್ರೆಲ್‌ಫಾಲ್,
ಎಂಬತ್ತೊಂದು, ನನಗಿಂತ ಹನ್ನೊಂದು ನಿಮಿಷ ಮೊದಲು ಹೊರಟವನು.
ಹ್ಯಾಂಡಲಿನ ಮೇಲೆ ಮೀಟರಿಲ್ಲ, ಗಡಿಯಾರವೂ ಇಲ್ಲ.
ಗಟ್ಟಿಯಾಗಿ ಎಣಿಸುತ್ತಿದ್ದ.
ಒಂದು, ಎರಡು, ಮೂರು, ನಾಲ್ಕು, ಐದು, ಆರು.
ಮತ್ತೆ ಒಂದು.
ಏಳು ಎಂಬುದನ್ನು ಯಾರೋ ಅವನಿಗೆ ಕಲಿಸಿಯೇ ಇರಲಿಲ್ಲವೇನೋ.

ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳಬಾರದು, ನಿಯಮ. ದಾಟಲೇಬೇಕು.
ದಾಟಲೆಂದೇ ಪಕ್ಕಕ್ಕೆ ಬಂದೆ.
ನನ್ನ ಕಾಲು, ನನ್ನನ್ನು ಕೇಳದೆ,
ಅವನ ಆರಕ್ಕೆ ತಿರುಗತೊಡಗಿತು.
ಕಾಲುವೆ, ನಾಲ್ಕು. ಬಾತುಕೋಳಿ, ಐದು.
ಅವನು ಮುಖ ತಿರುಗಿಸಲಿಲ್ಲ.
"ಹೋಗಮ್ಮ. ಲೆಕ್ಕ ತಪ್ಪತ್ತೆ."

ಹೋದೆ.

ಊರ ಸಭಾಂಗಣದಲ್ಲಿ ಚಹಾ, ಒಣಗಿದ ಕ್ಯಾರೆಟ್ ಕೇಕು.
ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ
ಒಂದು ಗಂಟೆ, ಮೂರು ಸೆಕೆಂಡು.
ಗಂಟೆಯೊಳಗೆ ಬರಲು ಮೂರು ಚಳಿಗಾಲ ಬೆವರಿದ್ದೆ.
ಫೆರ್ಗಸ್ ಗೆರೆಯನ್ನು ಹಿಗ್ಗಿಸಿ ಬೆರಳಿಟ್ಟ:
"ಎಷ್ಟು ನೀಟಾಗಿದೆ ನೋಡು, ದಾರ ಹಿಡಿದ ಹಾಗೆ. ಇಲ್ಲಿ ಮಾತ್ರ ಗುಂಡಿ.
ಇಪ್ಪತ್ತೆರಡು ಸೆಕೆಂಡು, ತೊಂಬತ್ತು ವ್ಯಾಟ್.
ಚೈನು ಬಿತ್ತಾ? ಲಾರಿ ಬಂತಾ?"

ಲಾರಿ, ಅಂದೆ.

ಕಿಟಕಿಯಾಚೆ ಥ್ರೆಲ್‌ಫಾಲ್ ಕಾರಿನ ಡಿಕ್ಕಿಗೆ
ಚಕ್ರ ಕಳಚಿ ಇಡುತ್ತಿದ್ದ. ತುಟಿ ಅಲ್ಲಾಡುತ್ತಿತ್ತು.
ಇನ್ನೊಂದು ತುಂಡು ಕೇಕು ಕೊಂಡೆ.
ಮಂಗಳವಾರ ಮತ್ತೆ ಗ್ಯಾರೇಜು.