ನಾಲೆ ಏರಿಯ ಮೇಲೆ

ಕೊಡಚಾದ್ರಿಗೆಂದು ಗೊತ್ತು ಮಾಡಿದ್ದ ಜೀಪು
ಚಳಿಗೆ ಕೆಮ್ಮಿ ಕೆಮ್ಮಿ ಗೋಪಾಳದ ತಿರುವಿನಲ್ಲೇ ಕೂತುಬಿಟ್ಟಿತು.
ಬಾನೆಟ್ಟು ಎತ್ತಿ ಒಳಗೆ ಇಣುಕಿದ ರಫೀಕ,
"ಮಧ್ಯಾಹ್ನ ಆಗುತ್ತೆ ಅಕ್ಕ" ಎಂದ.

ಬುತ್ತಿ ಕಟ್ಟಿ ಆಗಿತ್ತು. ಮಫ್ಲರು ಸುತ್ತಿ ಆಗಿತ್ತು.
ಐದೂವರೆಗೆ ಎದ್ದ ಪುಣ್ಯ ಯಾಕೆ ಕಳಕೊಳ್ಳಲಿ?
ನಾನೂ ಫಿಲೋಮಿನಾ ಟೀಚರೂ
ಮನೆ ಹಿಂದಿನ ತುಂಗಾ ನಾಲೆಯ ಏರಿ ಹತ್ತಿದೆವು.

ಹನ್ನೊಂದು ವರ್ಷ ಇಲ್ಲೇ ಬಟ್ಟೆ ಒಣಹಾಕಿದ್ದೇನೆ;
ನಾಲೆಗೆ ಇಷ್ಟೊಂದು ಉಸಿರಿದೆ ಅಂತ ತಿಳಿದಿರಲಿಲ್ಲ.
ನೀರಿನ ಮೈಯಿಂದ ಆವಿ ಏಳುತ್ತಿತ್ತು,
ಬಾಣಂತಿಗೆ ಎರೆವ ಬಚ್ಚಲಿನ ಹಾಗೆ.
ಆಚೆ ದಡದಲ್ಲಿ ಹಲ್ಲುಜ್ಜುತ್ತ ನಿಂತ ಯಾರೋ
ಸೊಂಟದ ಮೇಲಷ್ಟೇ ಇದ್ದರು.

ತಂತಿ ಬೇಲಿಯ ಒಂದೊಂದು ಮುಳ್ಳಿಗೂ ಒಂದೊಂದು ಹನಿ.
ರಾತ್ರಿಯೆಲ್ಲ ನೇಯ್ದ ಜೇಡ, ಬಲೆಯೇ ಭಾರವಾಗಿ,
ಎಲ್ಲೋ ಮುದುಡಿತ್ತು.
ಕೂಳೆ ಗದ್ದೆಯಲ್ಲಿ ಬೆಳ್ಳಕ್ಕಿ ಎಣಿಸಿ
ಹದಿನೆಂಟು ಎಂದರು ಟೀಚರು.
ಹದಿನೆಂಟನೆಯದು ಸಿಮೆಂಟಿನ ಖಾಲಿ ಚೀಲ.
ನಕ್ಕೆವು; ನಗು ಬಾಯಿಂದ ಬೆಳ್ಳಗೆ ಹೊರಟು
ಹೊಳೆಯ ಕಡೆಗೆ ಹೋಯಿತು.

ಎಂಟಕ್ಕೆ ಬಿಸಿಲು ಬಂತು,
ಸಾಲ ಕೊಟ್ಟ ಅಕ್ಕಿ ವಾಪಸು ಬರುವಂತೆ
ಸ್ವಲ್ಪ ಸ್ವಲ್ಪ. ಮೊದಲು ಕಾಲಿನ ಬೆರಳಿಗೆ,
ಆಮೇಲೆ ಮಂಡಿಗೆ.
ಬುತ್ತಿ ಬಿಚ್ಚಿದೆವು. ಅವರೆಕಾಳಿನ ಉಪ್ಪಿಟ್ಟು ತಣ್ಣಗಾಗಿತ್ತು,
ಮಾವಿನ ಮಿಡಿ ಮಾತ್ರ
ಹಲ್ಲಿಗೆ ಹತ್ತಿ ಕಿವಿಯವರೆಗೆ ಜುಮ್ಮೆಂದಿತು.

ರಫೀಕನ ಫೋನು: "ಬೇಗ ಸರಿಹೋಯ್ತು, ಬರಲಾ?"
ಟೀಚರು ನನ್ನ ಮುಖ ನೋಡಿದರು.
ತೂಬಿನ ಮೇಲಿಂದ ಮಿಂಚುಳ್ಳಿಯೊಂದು
ನೀರಿಗೆ ಬಿದ್ದಿತ್ತು; ಇನ್ನೂ ಎದ್ದಿರಲಿಲ್ಲ.
"ಸ್ವಲ್ಪ ತಡಿ" ಅಂದೆ.