ಒಂಬತ್ತನೇ ಜಾಯಿಂಟು

ಬಂಗಾರಪೇಟೆ ದಾಟಿ ಹಳಿಯಡಿ ತೂರುವ ಕೆಳರಸ್ತೆಯಲ್ಲಿ
ಮಬ್ಬಿಗೇ ನನ್ನ ಕೆಲಸ ಶುರು:
ಗೋಡೆ ಸವರುವುದು.
ಅಂಗೈಗಿಂತ ಹಿಂಗೈಗೆ ತಂಪು ಬೇಗ ತಿಳಿಯುತ್ತದೆ,
ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.
ತೇವ ಸಿಕ್ಕಲ್ಲಿ ಸೀಮೆಸುಣ್ಣದಲ್ಲೊಂದು ಸುತ್ತು,
ಸುತ್ತಿನೊಳಗೆ ತಾರೀಖು.
ಮಾರನೆ ದಿನ ತೇವ ಸುತ್ತು ದಾಟಿದ್ದರೆ
ಅದರಾಚೆ ಇನ್ನೊಂದು.
ಒಂಬತ್ತನೇ ಜಾಯಿಂಟಿನ ಹತ್ತಿರ ಐದಾಗಿವೆ,
ಕಡಿದ ಹುಣಸೆಮರದ ಬೊಡ್ಡೆಯಂತೆ.

ಕಟ್ಟಿದ ವರ್ಷ ಇಲ್ಲಿ ನೀರಿರಲಿಲ್ಲ.
ಹದಿನೆಂಟಡಿ ಅಗೆದರೂ ಮಣ್ಣು
ಹುರಿಹಿಟ್ಟಿನಂತೆ ಉದುರುತ್ತಿತ್ತಂತೆ.
"ಇಲ್ಲೆಲ್ಲಿ ನೀರು ಬರುತ್ತೆ ಸ್ವಾಮಿ" ಅಂದ ಗುತ್ತಿಗೆದಾರ
ಗೋಡೆಯ ಬೆನ್ನಿಗೆ ಡಾಂಬರು ಹಾಳೆ ಹೊದಿಸಲಿಲ್ಲ,
ಜಾಯಿಂಟಿಗೆ ರಬ್ಬರ್ ಪಟ್ಟಿ ಇಡಲಿಲ್ಲ.
ಬಿಲ್ಲಿನಲ್ಲಿ ಎರಡೂ ಇದ್ದವು.

ಆಮೇಲೆ ಮೇಲಿನ ಕೆರೆಗೆ ಪೈಪಿನಲ್ಲಿ ನೀರು ಬಂತು,
ಎರಡು ಮಳೆಗಾಲ ವಿಳಾಸ ಮರೆಯದೆ ಬಂದವು.
ಪಾಳುಬಾವಿಯಲ್ಲಿ ಆಕಾಶ ಕಂಡ ದಿನ
ಊರೆಲ್ಲ ಬಗ್ಗಿ ನೋಡಿತು. ನಾನೂ.
ಆ ವಾರವೇ ಇಲ್ಲಿ ಗೋಡೆ ಬೆವರಿತು.

ಆರೋಗ್ಯಸ್ವಾಮಿ ಬರುವುದು ಮಾರಿಕುಪ್ಪಂ ಗಾಡಿಯಲ್ಲಿ.
ಅವನಪ್ಪ ಗಣಿಯೊಳಗೆ ಪಂಪು ನೋಡಿಕೊಳ್ಳುತ್ತಿದ್ದ.
ಚಿನ್ನ ನಿಂತಿತು, ಪಂಪು ನಿಂತಿತು,
ಒಂದೊಂದೇ ಅಂತಸ್ತು ಹತ್ತಿ ಬಂದ ನೀರು
ಅಪ್ಪನ ಸ್ಟೂಲು, ಅಪ್ಪನ ಟೀ ಲೋಟ,
ಸ್ವಿಚ್ಚಿನ ಮೇಲೆ ಅಂಟಿಸಿದ್ದ ಮಾತೆಯ ಪಟ
ಎಲ್ಲ ಮುಳುಗಿಸಿತು.
"ಚೆಂಗಮ್ಮಾ, ನೀರಿಗೆ ಭಾನುವಾರ ಇಲ್ಲ" ಅನ್ನುತ್ತಾನೆ,
ಗೋಡೆಗೆ ಕಿವಿ ಆನಿಸಿ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾನೆ.
ಗಟ್ಟಿ. ಗಟ್ಟಿ. ಗಟ್ಟಿ. ಪೊಳ್ಳು.

ಬಿರುಕಿನ ಎಡಕ್ಕೊಂದು ಬಲಕ್ಕೊಂದು
ಓರೆಯಾಗಿ ಕೊರೆದು ನಳಿಕೆ ಕೂರಿಸುತ್ತಾನೆ.
ಜೇನುಬಣ್ಣದ ರಾಳ ನಾನು ಸುರಿಯುತ್ತೇನೆ,
ಪಂಪಿನ ಹಿಡಿ ಒತ್ತುತ್ತೇನೆ.
ಡಬ್ಬಿಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದದ್ದು
ನೀರು ತಾಗಿದ್ದೇ ತಡ
ರಾತ್ರಿ ಮರೆತ ಇಡ್ಲಿಹಿಟ್ಟಿನಂತೆ ಉಬ್ಬಿ
ಬಿರುಕಿನ ಬಾಯಿಂದ ನೊರೆ ಚಾಚಿ
ಹಾಗೇ ಗಟ್ಟಿಯಾಗುತ್ತದೆ.
ಒಣ ಬಿರುಕಿಗೆ ಈ ಮದ್ದು ಹತ್ತದು.
ಮೊದಲು ನೀರು ಕುಡಿಸಬೇಕು, ಆಮೇಲೆ ನೀರು ನಿಲ್ಲಿಸಬೇಕು.
ಹೊಸ ಇಂಜಿನಿಯರ್ ನಿರಂಜನಮೂರ್ತಿಗೆ ಇದನ್ನು ಹೇಳುವಾಗ
ನನಗೇ ನಗು ಬಂತು. ಅವರು ಬರೆದುಕೊಂಡರು.

ಅವರೂ ನನಗೊಂದು ಹೇಳಿದರು:
ಒಳಗಿನ ಕಬ್ಬಿಣ ತುಕ್ಕಿಗೆ ಸೊರಗುವುದಿಲ್ಲವಂತೆ,
ಊದುತ್ತದಂತೆ.
ಊದಿ ಊದಿ, ತನ್ನನ್ನು ಅಪ್ಪಿ ಹಿಡಿದ ಕಾಂಕ್ರೀಟನ್ನೇ
ಒದ್ದು ಉದುರಿಸುತ್ತದಂತೆ.
ಆ ದಿನ ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿದೆ.

ಶಾಲೆಗೆ ಹೋಗುವ ಹುಡುಗರು
ಗೋಡೆಯ ಬಿಳಿ ಬೂಷ್ಟನ್ನು ಉಗುರಲ್ಲಿ ಕೆರೆದು
ನೆಕ್ಕಿ ಮುಖ ಸಿಂಡರಿಸುತ್ತಾರೆ.
ಥೂ, ಉಗೀರೋ, ಸುಣ್ಣ ಅದು,
ಗೋಡೆಯ ಮೂಳೆ ಕರಗಿ ಬಂದದ್ದು.

ಎಂಟು ಜಾಯಿಂಟು ಮುಗಿದವು. ಒಂಬತ್ತು ಮುಗಿಯಲಿಲ್ಲ.
ಇಲ್ಲಿ ಬಿಗಿದರೆ ಮೂರಡಿ ಆಚೆ,
ಅಲ್ಲಿ ಬಿಗಿದರೆ ಮೇಲೆ, ಸೂರಿನಂಚಿಗೆ.
ನಾಲ್ಕನೇ ದಿನ ಆರೋಗ್ಯಸ್ವಾಮಿ ಪಂಪು ಮುಟ್ಟಲಿಲ್ಲ.
ಬೀಡಿ ಹಚ್ಚಿದ, ಆರಿಸಿದ,
ಗೋಡೆಯ ಕಾಲ ಬುಡದಲ್ಲೊಂದು ತೂತು ಕೊರೆದು
ಮುಕ್ಕಾಲಿಂಚಿನ ಪೈಪು ಸಿಕ್ಕಿಸಿದ.
ತಮಿಳಿನಲ್ಲಿ ಮೆಲ್ಲಗೆ ಏನೋ ಅಂದ, ನಮಗಲ್ಲ.
"ಇದನ್ನ ಬಿಲ್ಲಲ್ಲಿ ಏನಂತ ಬರೆಯೋದು?"
ನಿರಂಜನಮೂರ್ತಿ ತಲೆ ಕೆರೆದರು.
"ಬಾಗಿಲು ಅಂತ ಬರೀರಿ ಸಾರ್."

ಸಂಜೆಗೆ ಮೇಲಿನ ತೇವ ಇಳಿಯಿತು.
ಬೆಳಿಗ್ಗೆ ನೋಡಿದರೆ ಪೈಪಿನ ಕೆಳಗೊಂದು
ಹಳದಿ ಪ್ಲಾಸ್ಟಿಕ್ ಬಿಂದಿಗೆ, ತುಳುಕುತ್ತಾ.
ಯಾರದ್ದೋ. ಮೂಸಿ ನೋಡಿದೆ,
ಕುಡಿಯುವಂಥದ್ದಲ್ಲ, ದನದ ಮೈ ತೊಳೆಯಬಹುದು.
ಏನು ತೋಚಿತೋ,
ನೆಲದ ಮೇಲೆ ಬಿಂದಿಗೆಯ ಸುತ್ತಲೂ
ಸೀಮೆಸುಣ್ಣದಲ್ಲಿ ಒಂದು ಸುತ್ತು ಎಳೆದು
ತಾರೀಖು ಬರೆದೆ.

ಮಾರನೆ ದಿನ ಬಿಂದಿಗೆ ಮೂರಾಗಿದ್ದವು.
ಎರಡು, ಸುತ್ತು ದಾಟಿ ನಿಂತಿದ್ದವು.